ನೋವಿನ ಮಾತ್ರೆ ಬಂದ ಮನೆಯಲ್ಲಿ ಮೊದಲ ಹದಿನಾಲ್ಕು ರಾತ್ರಿಗಳು

ಮಂಡ್ಯದಲ್ಲಿ ಔಷಧದ ಅಂಗಡಿ ಇಟ್ಟುಕೊಂಡಿರುವ ನನ್ನ ಮುಂದೆ ದಿನಕ್ಕೆ ಒಬ್ಬರಾದರೂ ಪ್ಲಾಸ್ಟಿಕ್ ಕವರೊಂದನ್ನು ಕೌಂಟರಿನ ಮೇಲೆ ಸುರಿಯುತ್ತಾರೆ. ಅರ್ಧ ಮುಗಿದ ಆರೇಳು ಸ್ಟ್ರಿಪ್‌ಗಳು, ಮಡಿಚಿದ ಗೆರೆಯಲ್ಲೇ ಹರಿದುಹೋದ ಎರಡು ಮೂರು ಚೀಟಿಗಳು, ಅವುಗಳ ನಡುವೆ ಎಲ್ಲಿಂದಲೋ ಸೇರಿಕೊಂಡ ಒಂದೆರಡು ಅಡಿಕೆ ಚೂರು. "ಅಮ್ಮಂಗೆ ಮಂಡಿನೋವು ತಡೆಯಕ್ಕಾಗ್ತಿಲ್ಲ, ಹೋದ್ಸಲ ಕೊಟ್ಟಿದ್ರಲ್ಲ, ಅದ್ನೇ ಕೊಡಿ" ಎನ್ನುವ ಮಗನಿಗೆ ಮಾತ್ರೆಯ ಹೆಸರು ಗೊತ್ತಿರುವುದಿಲ್ಲ. ಅದರಿಂದ ಹೊಟ್ಟೆಗೆ ತೊಂದರೆಯೇ, ಕಿಡ್ನಿಗೆ ಪೆಟ್ಟೇ ಎಂದು ಆತ ತಪ್ಪದೆ ಕೇಳುತ್ತಾನೆ. ಇದನ್ನು ತೆಗೆದುಕೊಂಡರೆ ಅಮ್ಮ ಎಲ್ಲಿಯಾದರೂ ಬಿದ್ದಾಳೇ ಎಂದು ಕೇಳಿದವರು ಇಷ್ಟು ವರ್ಷಗಳಲ್ಲಿ ಬೆರಳೆಣಿಕೆಯಷ್ಟು ಮಂದಿ.

ಅಫೀಮಿನ ಬಳಗಕ್ಕೆ ಸೇರಿದ ನೋವು ನಿವಾರಕಗಳು, ಅಂದರೆ ವೈದ್ಯರು ಓಪಿಯಾಯ್ಡ್ ಎಂದು ಕರೆಯುವ ಔಷಧಗಳು, ವಯಸ್ಸಾದವರಲ್ಲಿ ಬೀಳುವ ಮತ್ತು ಮೂಳೆ ಮುರಿದುಕೊಳ್ಳುವ ಅಪಾಯವನ್ನು ಹೆಚ್ಚಿಸುತ್ತವೆ. ಹಾಗೆಂದು ಅವನ್ನು ಮುಟ್ಟಲೇಬೇಡಿ ಎಂದು ನಾನು ಹೇಳುವವನಲ್ಲ. ತಡೆಯಲಾರದ ನೋವು ಕೂಡ ಮನುಷ್ಯನನ್ನು ಕುಂಟಿಸಿ, ನಿದ್ದೆಗೆಡಿಸಿ, ಹಾಸಿಗೆ ಹಿಡಿಸಿ ಕೊನೆಗೆ ಬೀಳಿಸಿಯೇ ಬೀಳಿಸುತ್ತದೆ. ಆದರೆ ಇಂಥ ಮಾತ್ರೆ ಮನೆಯೊಳಗೆ ಬಂದ ದಿನವೇ ಬಚ್ಚಲಿಗೆ ಹೋಗುವ ದಾರಿಯನ್ನೂ, ಆ ಕವರಿನಲ್ಲಿರುವ ಮಿಕ್ಕ ಮಾತ್ರೆಗಳನ್ನೂ ನೋಡಿಕೊಳ್ಳಬೇಕು, ಏಕೆಂದರೆ ಅಪಾಯ ಹೆಚ್ಚಾಗಿರುವುದು ಮೊದಲ ಎರಡು ವಾರಗಳಲ್ಲಿ. ಏನೇನು ಮಾಡಬೇಕೆಂಬುದನ್ನು ನಾನು ಅಂಗಡಿಯಲ್ಲಿ ಹೇಳುವ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಮೊದಲು ಮಾತ್ರೆಯ ಗುರುತು ಹಿಡಿಯಿರಿ

ಸ್ಟ್ರಿಪ್ಪಿನ ಮೇಲೆ ಕಂಪನಿಯ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ, ಔಷಧದ ಹೆಸರು ಅದರ ಕೆಳಗೆ ಸಣ್ಣದಾಗಿರುತ್ತದೆ. ನೀವು ಓದಬೇಕಾದದ್ದು ಆ ಸಣ್ಣ ಅಕ್ಷರವನ್ನು. ನಮ್ಮ ಕಡೆ ಹಿರಿಯರಿಗೆ ಹೆಚ್ಚಾಗಿ ಬರೆಯುವುದು ಟ್ರಮಡಾಲ್, ಅದೂ ಬಹುಮಟ್ಟಿಗೆ 37.5 ಮಿಲಿಗ್ರಾಂ ಟ್ರಮಡಾಲ್ ಮತ್ತು 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಕೂಡಿದ ಜೋಡಿ ಮಾತ್ರೆಯಾಗಿ. ಈಚಿನ ವರ್ಷಗಳಲ್ಲಿ ಟಪೆಂಟಡಾಲ್ ಕೂಡ ಧಾರಾಳವಾಗಿ ಕಾಣಿಸುತ್ತಿದೆ. ಕೊಡೀನ್ ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಅಡಗಿರುತ್ತದೆ. ಮಾರ್ಫಿನ್ ಮಾತ್ರೆ, ಚರ್ಮಕ್ಕೆ ಅಂಟಿಸುವ ಬುಪ್ರೆನಾರ್ಫಿನ್ ಮತ್ತು ಫೆಂಟನಿಲ್ ಪ್ಯಾಚ್‌ಗಳು ಸಾಮಾನ್ಯವಾಗಿ ಕ್ಯಾನ್ಸರ್ ಅಥವಾ ದೊಡ್ಡ ನೋವಿಗೆ ಆಸ್ಪತ್ರೆಯಿಂದಲೇ ಬರುತ್ತವೆ.

ಟ್ರಮಡಾಲ್ ಬಿಗಿ ನಿಯಂತ್ರಣದ ಔಷಧಗಳ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿದೆ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೂ ತಂದಿತು. ಚೀಟಿ ಇಲ್ಲದೆ ಕೊಡುವಂತಿಲ್ಲ. ಕೊಟ್ಟಾಗ ರೋಗಿಯ ಹೆಸರು, ವೈದ್ಯರ ಹೆಸರು, ಎಷ್ಟು ಮಾತ್ರೆ ಎಂಬುದನ್ನು ನಾವು ರಿಜಿಸ್ಟರಿನಲ್ಲಿ ಬರೆದಿಡಬೇಕು. "ಪಕ್ಕದ್ಮನೆಯವ್ರು ಇದನ್ನೇ ತಗೊಳ್ಳೋದು" ಎಂದು ಒಂದು ಮಾತ್ರೆಯನ್ನು ಕೈಯಲ್ಲಿ ಹಿಡಿದು ಬರುವವರನ್ನು ವಾಪಸ್ ಕಳಿಸುವಾಗ ನಾನು ಒರಟನೆನಿಸಿಕೊಂಡಿದ್ದೇನೆ. ಅದರ ಬಗ್ಗೆ ನನಗೆ ಬೇಸರವಿಲ್ಲ.

ಮುರಿತಕ್ಕೆ ದಾರಿ ಎರಡು

ಒಂದು ದಾರಿ ಹತ್ತಿರದ್ದು. ಮಾತ್ರೆ ಮಿದುಳಿನ ಮೇಲೆ ಕೆಲಸ ಮಾಡಿ ನೋವನ್ನು ಮರೆಸುವಾಗಲೇ ಜೋಂಪು ಹಿಡಿಸುತ್ತದೆ, ತಲೆ ಸುತ್ತಿಸುತ್ತದೆ, ಕಾಲು ಎಡವಿದಾಗ ಥಟ್ಟನೆ ಕೈ ಚಾಚಿ ಗೋಡೆ ಹಿಡಿಯುವ ಚುರುಕನ್ನು ಕುಗ್ಗಿಸುತ್ತದೆ. ಕೂತವರು ಎದ್ದಾಗ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಕಟ್ಟುವುದುಂಟು. ಜನರ ಗಮನಕ್ಕೆ ಬಾರದ ಇನ್ನೊಂದು ಸಂಗತಿಯಿದೆ: ಈ ಔಷಧಗಳು ಕಣ್ಣಿನ ಪಾಪೆಯನ್ನು ಕಿರಿದಾಗಿಸುತ್ತವೆ, ಆದ್ದರಿಂದ ಮಬ್ಬು ಬೆಳಕಿನಲ್ಲಿ ಕಣ್ಣಿನೊಳಗೆ ಹೋಗುವ ಬೆಳಕು ಇನ್ನೂ ಕಡಿಮೆಯಾಗುತ್ತದೆ. ಮೊದಲೇ ಪೊರೆ ಬಂದ ಕಣ್ಣಿಗೆ ಸೊನ್ನೆ ವ್ಯಾಟಿನ ಬಲ್ಬು ಸಾಲದು. ಟ್ರಮಡಾಲ್ ರಕ್ತದ ಸೋಡಿಯಂ ಅನ್ನೂ ಕೆಲವರಲ್ಲಿ ಇಳಿಸುತ್ತದೆ. ಸೋಡಿಯಂ ಇಳಿದ ಮುದುಕರು ಮಂಕಾಗಿ, ಹೆಜ್ಜೆ ತಪ್ಪಿ ನಡೆಯುತ್ತಾರೆ, ಮನೆಯವರು ಅದನ್ನು ಅರುಳು ಮರುಳು ಎಂದುಕೊಳ್ಳುತ್ತಾರೆ.

ಇನ್ನೊಂದು ದಾರಿ ದೂರದ್ದು. ತಿಂಗಳುಗಟ್ಟಲೆ, ವರ್ಷಗಟ್ಟಲೆ ತೆಗೆದುಕೊಂಡರೆ ಈ ಔಷಧಗಳು ಮಿದುಳಿನಿಂದ ಹೊರಡುವ ಸಂದೇಶಗಳನ್ನು ಅಡಗಿಸಿ ಗಂಡಸರಲ್ಲಿ ಟೆಸ್ಟೋಸ್ಟಿರಾನ್, ಹೆಂಗಸರಲ್ಲಿ ಈಸ್ಟ್ರೊಜೆನ್ ಹಾರ್ಮೋನನ್ನು ಇಳಿಸುತ್ತವೆ, ಮೂಳೆ ಕಟ್ಟುವ ಜೀವಕೋಶಗಳ ಕೆಲಸವನ್ನೂ ನೇರವಾಗಿ ತಗ್ಗಿಸುತ್ತವೆ. ಮೂಳೆ ಟೊಳ್ಳಾಗುತ್ತದೆ. ಮಂಪರಿನಲ್ಲಿ ಮನೆಯೊಳಗೇ ಕೂತವರಿಗೆ ಬಿಸಿಲೂ ಇಲ್ಲ, ನಡಿಗೆಯೂ ಇಲ್ಲ, ಅದರಿಂದ ಸ್ನಾಯುವೂ ಸೊರಗುತ್ತದೆ.

ಅಮೆರಿಕದಲ್ಲಿ 60 ದಾಟಿದ, ದೀರ್ಘಕಾಲದ ನೋವಿರುವವರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೆ 50 ಮಿಲಿಗ್ರಾಂ ಮಾರ್ಫಿನ್‌ಗೆ ಸಮನಾದ ಅಥವಾ ಅದಕ್ಕೂ ಹೆಚ್ಚಿನ ಪ್ರಮಾಣ ತೆಗೆದುಕೊಳ್ಳುತ್ತಿದ್ದವರಲ್ಲಿ ಮೂಳೆ ಮುರಿತ ಸುಮಾರು ಎರಡು ಪಟ್ಟಿತ್ತು. ಮಾರ್ಫಿನ್ ಎಂದ ಕೂಡಲೇ ಅದು ನಮಗೆ ಸಂಬಂಧಿಸಿದ್ದಲ್ಲ ಎನಿಸಬಹುದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2022ರಲ್ಲಿ ಕೊಟ್ಟ ಲೆಕ್ಕದಂತೆ ಟಪೆಂಟಡಾಲ್‌ನ ಒಂದು ಮಿಲಿಗ್ರಾಂ 0.4 ಮಿಲಿಗ್ರಾಂ ಮಾರ್ಫಿನ್‌ಗೂ, ಟ್ರಮಡಾಲ್‌ನದು 0.2 ಮಿಲಿಗ್ರಾಂಗೂ ಸಮ. ಹಾಗಾಗಿ ದಿನಕ್ಕೆ ಮೂರು ಹೊತ್ತು 50ರ ಟಪೆಂಟಡಾಲ್ ನುಂಗುವ ಅಜ್ಜಿ 60 ಮಿಲಿಗ್ರಾಂ ಮಾರ್ಫಿನ್‌ನಷ್ಟು ನುಂಗಿದಂತಾಯಿತು. ಈ ಲೆಕ್ಕ ಅಪಾಯದ ಅಂದಾಜಿಗೆ ಮಾತ್ರ. ಒಂದು ಮಾತ್ರೆಯ ಬದಲು ಇನ್ನೊಂದನ್ನು ಕೊಡಲು ಯಾರೂ ಇದನ್ನು ಬಳಸಬಾರದು.

ವೈದ್ಯರ ಎದುರು ಕೂತಾಗ

ಮಾತ್ರೆ ಬರೆಯುವ ಮೊದಲೇ ವೈದ್ಯರಿಗೆ ನೀವಾಗಿಯೇ ಹೇಳಬೇಕಾದವು ಇವು: ಕಳೆದ ಒಂದು ವರ್ಷದಲ್ಲಿ ಹಿರಿಯರು ಬಿದ್ದಿದ್ದಾರೆಯೇ, ಮಣಿಕಟ್ಟೋ ಸೊಂಟವೋ ಬೆನ್ನುಮೂಳೆಯೋ ಎಂದಾದರೂ ಮುರಿದಿದೆಯೇ, ಕಿಡ್ನಿ ಅಥವಾ ಲಿವರ್ ತೊಂದರೆ ಇದೆಯೇ, ಫಿಟ್ಸ್ ಬಂದಿತ್ತೇ, ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತಾರೆ, ಸಂಜೆ ಕುಡಿಯುವ ಅಭ್ಯಾಸ ಇದೆಯೇ. ಕೊನೆಯದನ್ನು ಮಕ್ಕಳು ಮುಚ್ಚಿಡುತ್ತಾರೆ. ಮುಚ್ಚಿಡಬೇಡಿ, ಏಕೆಂದರೆ ಹೆಂಡದ ಜೊತೆ ಈ ಮಾತ್ರೆ ಉಸಿರನ್ನೇ ತಗ್ಗಿಸಬಲ್ಲದು. ಬಿದ್ದ ವಿಷಯವನ್ನಂತೂ ಹಿರಿಯರೇ ಮುಚ್ಚಿಡುತ್ತಾರೆ, "ಬೀಳ್ಲಿಲ್ಲ, ಹಂಗೇ ಕೂತ್ಕಂಡೆ" ಎನ್ನುತ್ತಾರೆ. ಹಾಗೆ ಕೂತದ್ದೂ ಬಿದ್ದ ಲೆಕ್ಕವೇ. 65 ದಾಟಿದವರಲ್ಲಿ ವರ್ಷಕ್ಕೆ 28ರಿಂದ 35 ಶೇಕಡಾ ಮಂದಿ ಒಮ್ಮೆಯಾದರೂ ಬೀಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಆದ್ದರಿಂದ ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಕೇಳಬೇಕಾದ ಪ್ರಶ್ನೆಗಳು ಮೂರು. ಇದು ಎಷ್ಟು ದಿನಕ್ಕೆ? ಇದರಿಂದ ಯಾವ ಕೆಲಸ ಸಾಧ್ಯವಾಗಬೇಕು, ನಿದ್ದೆಯೇ, ನಡಿಗೆಯೇ? ಅದು ಸಾಧ್ಯವಾಗದಿದ್ದರೆ ಯಾವಾಗ ನಿಲ್ಲಿಸುವುದು? ವಯಸ್ಸಾದವರನ್ನು ನೋಡಿಕೊಳ್ಳುವ ಅಮೆರಿಕದ ವೈದ್ಯರ ಸಂಘ 2023ರಲ್ಲಿ ಪರಿಷ್ಕರಿಸಿದ ಬಿಯರ್ಸ್ ಪಟ್ಟಿ, ಅಂದರೆ ಹಿರಿಯರಿಗೆ ಆದಷ್ಟು ಕೊಡಬಾರದ ಔಷಧಗಳ ಪಟ್ಟಿ, ಹಿಂದೆ ಬಿದ್ದವರಿಗೆ ಅಥವಾ ಮೂಳೆ ಮುರಿದುಕೊಂಡವರಿಗೆ ತೀವ್ರವಾದ ಹಠಾತ್ ನೋವಿದ್ದಾಗಲ್ಲದೆ ಓಪಿಯಾಯ್ಡ್ ಬೇಡ ಎನ್ನುತ್ತದೆ. ಆಪರೇಷನ್ ಆದ ಮೊದಲ ದಿನಗಳ ನೋವು, ಸೊಂಟ ಮುರಿದ ನೋವು, ಕ್ಯಾನ್ಸರಿನ ನೋವು ಇವೆಲ್ಲ ಬೇರೆಯೇ ಮಾತು. ಕ್ಯಾನ್ಸರಿನಿಂದ ನರಳುವವರಿಗೆ ಬೀಳುವ ಭಯದಿಂದ ಮಾರ್ಫಿನ್ ತಪ್ಪಿಸುವುದು ಕ್ರೌರ್ಯ. ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದದ್ದೇ ಅಂಥವರಿಗೆ ಔಷಧ ಸಿಗುವಂತಾಗಲೆಂದು.

ವರ್ಷಾನುಗಟ್ಟಲೆಯ ಮಂಡಿಸವೆತಕ್ಕೆ ಮಾತ್ರ ನನ್ನ ಅಭಿಪ್ರಾಯ ಕಟುವಾಗಿದೆ. ಟ್ರಮಡಾಲ್‌ನಿಂದ ಮಂಡಿಗೆ ಆಗುವ ಉಪಕಾರ ಅಲ್ಪ, ತಲೆಗೆ ಆಗುವ ಉಪದ್ರವ ಹೆಚ್ಚು. ವೈದ್ಯರು ಅದನ್ನು ಬರೆಯುವುದಕ್ಕೂ ಕಾರಣವಿದೆ: ಡೈಕ್ಲೋಫಿನ್ಯಾಕ್‌ನಂಥ ಮಾತ್ರೆಗಳು ವಯಸ್ಸಾದವರ ಜಠರ, ಕಿಡ್ನಿ, ಹೃದಯ ಮೂರಕ್ಕೂ ಒಳ್ಳೆಯವಲ್ಲ. ಆದರೆ ಮಂಡಿಗೆ ಹಚ್ಚುವ ಡೈಕ್ಲೋಫಿನ್ಯಾಕ್ ಜೆಲ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ, ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವ ವ್ಯಾಯಾಮಕ್ಕೆ ಖರ್ಚಿಲ್ಲ, ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿ ಊರುಗೋಲು ಹಿಡಿದರೆ ನೋವಿನ ಮಂಡಿಯ ಭಾರ ಇಳಿಯುತ್ತದೆ. ನೇರ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಅಪ್ಪನ ಕಾಲದ ಕೋಲು ಹೊರಗೆ ತೆಗೆದು ಅಮ್ಮನ ಕೈಗಿಡುವ ಮನೆಗಳಲ್ಲಿ ಅದು ಸಾಮಾನ್ಯವಾಗಿ ಒಂದು ಗೇಣು ಉದ್ದವಾಗಿರುತ್ತದೆ.

ಕವರಿನಲ್ಲಿರುವ ಮಿಕ್ಕ ಮಾತ್ರೆಗಳು

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಹಿರಿಯರು ನುಂಗುವ ಎಲ್ಲವನ್ನೂ, ಆಯುರ್ವೇದದ ಲೇಹ್ಯದಿಂದ ಹಿಡಿದು ಶೀತದ ಮಾತ್ರೆಯವರೆಗೆ, ಒಂದು ಚಾಪೆಯ ಮೇಲೆ ಸುರಿದು ಒಂದೊಂದರ ಸಣ್ಣ ಅಕ್ಷರದ ಹೆಸರನ್ನು ಹಾಳೆಯಲ್ಲಿ ಬರೆಯಿರಿ. ಮೈಸೂರಿನಲ್ಲಿ ಒಬ್ಬ ತಜ್ಞರು, ಮಂಡ್ಯದಲ್ಲಿ ಇನ್ನೊಬ್ಬರು, ಊರಿನಲ್ಲಿ ಕೈಗೆ ಸಿಗುವ ಡಾಕ್ಟರು ಮತ್ತೊಬ್ಬರು ಎಂಬಂತೆ ತೋರಿಸಿಕೊಳ್ಳುವ ನಮ್ಮ ಕಡೆಯ ಮನೆಗಳಲ್ಲಿ ಮೂವರ ಚೀಟಿಯನ್ನೂ ಒಟ್ಟಿಗೆ ನೋಡಿದವರು ಒಬ್ಬರೂ ಇರುವುದಿಲ್ಲ.

ಆ ಹಾಳೆಯಲ್ಲಿ ಮೊದಲು ಹುಡುಕಬೇಕಾದದ್ದು ನಿದ್ದೆ ಮತ್ತು ಆತಂಕದ ಮಾತ್ರೆಯನ್ನು: ಆಲ್ಪ್ರಜೋಲಾಮ್, ಕ್ಲೋನಜೆಪಾಮ್, ಲೊರಾಜೆಪಾಮ್, ಜೋಲ್ಪಿಡೆಮ್. ಓಪಿಯಾಯ್ಡ್ ಜೊತೆ ಇವು ಸೇರಿದರೆ ಜೋಂಪು ಕೂಡುವುದಲ್ಲ, ಗುಣಿಸುತ್ತದೆ ಎನ್ನಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2016ರಲ್ಲಿ ಈ ಜೋಡಿಯ ಮೇಲೆ ತನ್ನ ಅತ್ಯಂತ ಕಠಿಣ ಎಚ್ಚರಿಕೆಯನ್ನು ಮುದ್ರಿಸುವಂತೆ ಮಾಡಿತು. ಎರಡನೆಯದು ನರನೋವಿನ ಮಾತ್ರೆಗಳಾದ ಪ್ರೀಗ್ಯಾಬಲಿನ್ ಮತ್ತು ಗ್ಯಾಬಪೆಂಟಿನ್. ಸಕ್ಕರೆ ಕಾಯಿಲೆಯವರ ಪಾದದ ಉರಿಗೆ ಇವನ್ನು ನೀರಿನಂತೆ ಬರೆಯುತ್ತಾರೆ, ಎಷ್ಟೋ ಸಲ ವಿಟಮಿನ್ ಬಿ12 ಜೊತೆ ಒಂದೇ ಮಾತ್ರೆಯಲ್ಲಿ ಸೇರಿರುವುದರಿಂದ ಮನೆಯವರು ಅದನ್ನು "ಶಕ್ತಿ ಮಾತ್ರೆ" ಎಂದೇ ತಿಳಿದಿರುತ್ತಾರೆ. ಮೂರನೆಯದು ಅಮಿಟ್ರಿಪ್ಟಿಲಿನ್, ಎಸಿಟಲೊಪ್ರಾಮ್‌ನಂಥ ಖಿನ್ನತೆಯ ಔಷಧಗಳು. ಇವುಗಳಲ್ಲಿ ಹಲವು ಟ್ರಮಡಾಲ್ ಜೊತೆ ಸೇರಿದಾಗ ಫಿಟ್ಸ್, ಮೈ ನಡುಕ, ಬೆವರು, ಗಲಿಬಿಲಿ ತರಬಲ್ಲವು. ಮಿದುಳಿನ ಮೇಲೆ ಕೆಲಸ ಮಾಡುವ ಇಂಥ ಔಷಧಗಳು ಮೂರು ಅಥವಾ ಹೆಚ್ಚು ಒಟ್ಟಿಗೆ ಇರಬಾರದೆಂಬುದು ಬಿಯರ್ಸ್ ಪಟ್ಟಿಯ ಇನ್ನೊಂದು ಸೂಚನೆ.

ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಜೈಡ್ ಅಥವಾ ಕ್ಲೋರ್ಥಾಲಿಡೋನ್ ಇದ್ದರೆ ಸೋಡಿಯಂ ಇಳಿಯುವ ಸಾಧ್ಯತೆ ಮತ್ತೂ ಹೆಚ್ಚು, ಟ್ರಮಡಾಲ್ ಆರಂಭಿಸಿದ ಮೇಲೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ. ಗಂಡಸರು ಪ್ರಾಸ್ಟೇಟ್‌ಗೆ ರಾತ್ರಿ ತೆಗೆದುಕೊಳ್ಳುವ ಟ್ಯಾಮ್ಸುಲೋಸಿನ್ ಎದ್ದಾಗ ಬಿಪಿ ಇಳಿಸುತ್ತದೆ. ಸಕ್ಕರೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಟ್ರಮಡಾಲ್ ಸಕ್ಕರೆಯನ್ನು ಅತಿಯಾಗಿ ಇಳಿಸಿದ ಉದಾಹರಣೆಗಳಿವೆ. ಜೋಡಿ ಮಾತ್ರೆಯೊಳಗಿನ ಪ್ಯಾರಾಸಿಟಮಾಲ್‌ನ ಲೆಕ್ಕವನ್ನೂ ಇಡಿ: ದಿನಕ್ಕೆ ಮೂರು ಜೋಡಿ ಮಾತ್ರೆ, ಮೈಕೈ ನೋವಿಗೆಂದು ಮೂರು 650ರ ಡೋಲೋ ಸೇರಿದರೆ 2,925 ಮಿಲಿಗ್ರಾಂ ಆಯಿತು. ಬಡಕಲಾದ ಹಿರಿಯರಿಗೆ ಅನೇಕ ವೈದ್ಯರು ಇಟ್ಟುಕೊಳ್ಳುವ ಮಿತಿ ದಿನಕ್ಕೆ 3 ಗ್ರಾಂ. ಮೇಲೊಂದು ಶೀತದ ಮಾತ್ರೆ ನುಂಗಿದರೆ ಅದು ದಾಟಿತು. ಟ್ರಮಡಾಲ್‌ಗೇ ಹೇಳುವುದಾದರೆ 75 ದಾಟಿದವರಿಗೆ ದಿನದ ಗರಿಷ್ಠ ಮಿತಿ 300 ಮಿಲಿಗ್ರಾಂ, ಕಿಡ್ನಿ ಸೊರಗಿದ್ದರೆ ಇನ್ನೂ ಕಡಿಮೆ.

ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಆ ಹಾಳೆಯನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಬಿಚ್ಚಿ.

ಮೊದಲ ಹದಿನಾಲ್ಕು ರಾತ್ರಿಗಳು

ನನ್ನ ಸೋದರತ್ತೆ ಪಾಂಡವಪುರದ ಕಡೆಯ ಹಳ್ಳಿಯವರು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಅವರಿಗೆ ಪಕ್ಕೆಯ ಮೇಲೆ ಸರ್ಪಸುತ್ತು ಎದ್ದು, ಗುಳ್ಳೆ ಒಣಗಿದ ಮೇಲೂ ಉರಿ ಹೋಗಲಿಲ್ಲ. ಪ್ರೀಗ್ಯಾಬಲಿನ್ ಮತ್ತು ಟ್ರಮಡಾಲ್ ಚೀಟಿಗೆ ಮಾತ್ರೆ ಕೊಟ್ಟವನು ನಾನೇ. ಬೇರೆ ವೈದ್ಯರು ಬರೆದ ಕ್ಲೋನಜೆಪಾಮ್ ಅವರು ಎರಡು ವರ್ಷದಿಂದ ನುಂಗುತ್ತಿದ್ದಾರೆಂದು ಕೇಳುವ ವ್ಯವಧಾನ ನನಗಿರಲಿಲ್ಲ; ಅತ್ತೆಯ ಬಳಿ ಪಟ್ಟಿ ಕೇಳುವುದೇನು ಎಂಬ ಸಲಿಗೆ. ನಾಲ್ಕನೆಯ ರಾತ್ರಿ ಎರಡೂವರೆಗೆ ಬಚ್ಚಲಿಗೆಂದು ಎದ್ದರು. ಅವರ ಮನೆಯಲ್ಲಿ ಬಚ್ಚಲು ಹಿತ್ತಿಲ ಕಡೆ, ನಡುಮನೆಯಿಂದ ಎರಡು ಹೊಸ್ತಿಲು ದಾಟಬೇಕು. ಮೊದಲನೆಯದು ದಾಟಿದರು. ಎರಡನೆಯದಕ್ಕೆ ಕಾಲು ಎತ್ತಿದ್ದು ಸಾಲದೆ ಕೆಂಪು ಗಾರೆಯ ನೆಲಕ್ಕೆ ಪಕ್ಕಕ್ಕೆ ಬಿದ್ದರು. ಬೆಳಿಗ್ಗೆ ನಾನು ಹೋದಾಗ ಬಲಗಾಲು ಎಡಗಾಲಿಗಿಂತ ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿತ್ತು. ಹೊಸ್ತಿಲಿಗೆ ಹಿಂದಿನ ದಿನ ಹಚ್ಚಿದ ಅರಿಸಿನ ಹಾಗೆಯೇ ಇತ್ತು. ಹಗಲು ಅದು ಎದ್ದು ಕಾಣುತ್ತದೆ.

ಸಂಧಿವಾತವಿದ್ದ ಅಮೆರಿಕದ ಹಿರಿಯರ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವೇ ಗಂಟೆ ಕೆಲಸ ಮಾಡುವ ಬಗೆಯ ಓಪಿಯಾಯ್ಡ್ ಮಾತ್ರೆಗಳಿಂದ ಆಗುವ ಮುರಿತದ ಅಪಾಯ ಆರಂಭದ ಎರಡು ವಾರಗಳಲ್ಲೇ ಅತಿ ಹೆಚ್ಚು ಎಂದು ಕಂಡುಬಂತು. ದೇಹ ಒಗ್ಗಿಕೊಳ್ಳುವ ಮೊದಲಿನ ಕಾಲ ಅದು. ಡೋಸ್ ಹೆಚ್ಚಿಸಿದಾಗಲೆಲ್ಲ ಆ ಎರಡು ವಾರ ಮತ್ತೆ ಮೊದಲಿನಿಂದ ಆರಂಭವಾಯಿತೆಂದೇ ಎಣಿಸಿ.

ಮಾತ್ರೆ ಆರಂಭಿಸುವ ಹಿಂದಿನ ದಿನ ಒಂದು ಸಣ್ಣ ಪರೀಕ್ಷೆ ಮಾಡಿ. ಕೈಯಿರುವ ಕುರ್ಚಿಯಿಂದ ಮೂರು ಮೀಟರ್, ಅಂದರೆ ಹತ್ತು ಅಡಿ ದೂರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಹಿರಿಯರು ಎದ್ದು, ಮಾಮೂಲಿ ವೇಗದಲ್ಲಿ ಗೆರೆಯವರೆಗೆ ನಡೆದು, ತಿರುಗಿ ಬಂದು ಕೂರಲಿ. ಮೊಬೈಲಿನಲ್ಲಿ ಸಮಯ ನೋಡಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯದಲ್ಲಿದ್ದಾರೆ. ನಾಲ್ಕನೆಯ ದಿನ ಮತ್ತೆ ಮಾಡಿ. ಮೊದಲಿಗಿಂತ ನಿಧಾನವಾಗಿದ್ದರೆ, ತಿರುಗುವಾಗ ಓಲಾಡಿದರೆ ವೈದ್ಯರಿಗೆ ಫೋನ್ ಮಾಡಲು ಅದು ಸಾಕಷ್ಟು ಕಾರಣ. ಮನೆಯಲ್ಲಿ ಬಿಪಿ ಮಿಷನ್ ಇದ್ದರೆ ಐದು ನಿಮಿಷ ಮಲಗಿಸಿ ಒಮ್ಮೆ, ನಿಲ್ಲಿಸಿ ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನೂ ತಿಳಿಸಿ. ಅಳೆಯುವಾಗ ಪಕ್ಕದಲ್ಲಿ ಒಬ್ಬರು ನಿಂತಿರಲಿ.

ರಾತ್ರಿಯ ಏರ್ಪಾಡು ಹೀಗೆ. ಹಿತ್ತಿಲ ಬಚ್ಚಲಿನ ಮನೆಗಳಲ್ಲಿ ಈ ಎರಡು ವಾರ ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ ಇಡುವುದು ಎಲ್ಲಕ್ಕಿಂತ ಒಳ್ಳೆಯದು. ಮೊದಮೊದಲು ಹಿರಿಯರು ಒಪ್ಪುವುದಿಲ್ಲ, ದೇವರ ಕೋಣೆ ಪಕ್ಕದಲ್ಲಿದೆ ಎನ್ನುತ್ತಾರೆ. ಮಂಚವನ್ನೇ ಬೇರೆ ಕೋಣೆಗೆ ಸರಿಸಿ. ನೆಲದ ಮೇಲೆ ಚಾಪೆ ಹಾಸಿ ಮಲಗುವ ಅಭ್ಯಾಸವಿದ್ದರೆ ಮಂಚಕ್ಕೆ ಬದಲಿಸಿ, ಅಂಚಿನಲ್ಲಿ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುವಷ್ಟೇ ಎತ್ತರದ ಮಂಚ. ಏಳುವಾಗ ಅಂಚಿನಲ್ಲಿ ಎರಡು ನಿಮಿಷ ಕೂತು, ಕಾಲಾಡಿಸಿ, ಆಮೇಲೆ ನಿಲ್ಲುವುದನ್ನು ಹಗಲಿನಲ್ಲೇ ಅಭ್ಯಾಸ ಮಾಡಿಸಿ. ಮಂಚದಿಂದ ಬಚ್ಚಲಿನವರೆಗೆ ದೀಪ ಇಡೀ ರಾತ್ರಿ ಉರಿಯಲಿ, ಕರೆಂಟ್ ಹೋದರೂ ಉರಿಯುವ ಚಾರ್ಜಿನ ಬಲ್ಬಾದರೆ ಮೇಲು. ಬಚ್ಚಲಿನ ಚಿಲಕವನ್ನು ಒಳಗಿನಿಂದ ಹಾಕಬಾರದು. ಹಂಡೆಯ ಪಕ್ಕ, ಕಮೋಡಿನ ಪಕ್ಕ ಗೋಡೆಗೆ ಕಂಬಿ ಬಿಗಿಸಿ. ಟವೆಲ್ ಹಾಕುವ ಕಂಬಿ ಮನುಷ್ಯನ ಭಾರ ತಡೆಯುವುದಿಲ್ಲ. ಎಣ್ಣೆ ನೀರೆರೆದುಕೊಳ್ಳುವುದನ್ನು ಎರಡು ವಾರ ಮುಂದೂಡಿ. ಹಿಮ್ಮಡಿ ಸವೆದ ಹವಾಯಿ ಚಪ್ಪಲಿ ಎಸೆಯಿರಿ, ಪಂಚೆ ಉಡುವವರು ಕಣಕಾಲಿಗಿಂತ ಮೇಲೆ ಕಟ್ಟಲಿ. ರಾತ್ರಿಯ ಮಾತ್ರೆ ನುಂಗುವ ಮೊದಲೇ ಮೂತ್ರಕ್ಕೆ ಹೋಗಿಬರಲಿ. ಸಾಧ್ಯವಿದ್ದರೆ ಅದೇ ಕೋಣೆಯಲ್ಲಿ ಇನ್ನೊಬ್ಬರು ಮಲಗಿ.

ಹಗಲಿನ ಎಚ್ಚರಿಕೆ ಇಷ್ಟು: ಮಾತ್ರೆ ನುಂಗಿದ ಒಂದೆರಡು ಗಂಟೆಗಳಲ್ಲಿ ಮೆಟ್ಟಿಲು ಹತ್ತುವುದು, ಗದ್ದೆಯ ಬದುವಿನ ಮೇಲೆ ನಡೆಯುವುದು, ಆಷಾಢ ಶುಕ್ರವಾರದ ಚಾಮುಂಡಿ ಬೆಟ್ಟದ ಸಾಲಿನಲ್ಲಿ ನಿಲ್ಲುವುದು ಬೇಡ. ಸ್ಕೂಟರ್ ಅಂತೂ ಬೇಡವೇ ಬೇಡ.

ಹೊಟ್ಟೆ ಕಟ್ಟುವುದು, ಪ್ಯಾಚ್ ಹಚ್ಚುವುದು

ಮಲಬದ್ಧತೆ ಈ ಔಷಧಗಳ ಜೊತೆಗೇ ಬರುವ ಬಾಲ. ಜೋಂಪು ದಿನ ಕಳೆದಂತೆ ಕಡಿಮೆಯಾಗುತ್ತದೆ, ಇದು ಆಗುವುದಿಲ್ಲ. ಕೂತು ತಿಣುಕಿ ಎದ್ದಾಗ ತಲೆ ಸುತ್ತಿ ಬೀಳುವವರಿದ್ದಾರೆ. ಮೊದಲ ದಿನದಿಂದಲೇ ಲ್ಯಾಕ್ಟುಲೋಸ್ ಅಥವಾ ಸೆನ್ನಾದಂಥ ಔಷಧ ಬರೆದುಕೊಡುವಂತೆ ಕೇಳಿ. ಮನೆಯಲ್ಲಿರುವ ಇಸಬ್‌ಗೋಲ್ ಇದಕ್ಕೆ ಸರಿಹೋಗದು, ಕರುಳಿನ ಚಲನೆಯೇ ನಿಂತಿರುವಾಗ, ಅದರಲ್ಲೂ ನೀರು ಕಡಿಮೆ ಕುಡಿಯುವವರಲ್ಲಿ, ಅದು ಒಳಗೇ ಗಟ್ಟಿಕಟ್ಟಬಹುದು.

ಪ್ಯಾಚ್ ಹಚ್ಚಿಕೊಂಡವರು ಅದರ ಮೇಲೆ ಬಿಸಿನೀರಿನ ಚೀಲ ಇಡಬಾರದು, ಹಂಡೆಯ ಸುಡುನೀರನ್ನು ಹುಯ್ದುಕೊಳ್ಳಬಾರದು. ಶಾಖ ತಾಗಿದರೆ ಔಷಧ ಒಮ್ಮೆಲೇ ಹೆಚ್ಚಾಗಿ ಮೈಗೆ ಇಳಿಯುತ್ತದೆ. ಹೊಸದನ್ನು ಹಚ್ಚುವ ಮೊದಲು ಹಳೆಯದನ್ನು ಕಿತ್ತಿರಾ ಎಂದು ಬೆನ್ನು ನೋಡಿ ಖಚಿತಪಡಿಸಿಕೊಳ್ಳಿ. ಎರಡು ಪ್ಯಾಚ್ ಹೊತ್ತ ಅಜ್ಜನನ್ನು ನಾನು ನೋಡಿದ್ದೇನೆ.

ಮೂಳೆಯ ಕಡೆಯ ಕೆಲಸ

ಮೂರು ತಿಂಗಳಿಗೂ ಹೆಚ್ಚು ಕಾಲ ಇಂಥ ಮಾತ್ರೆ ನಡೆಯುವಂತಿದ್ದರೆ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕೇ ಎಂದು ಕೇಳಿ. ಅದರ ವರದಿಯಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಮುಗ್ಗರಿಸಿ ಬಿದ್ದಷ್ಟಕ್ಕೇ ಹಿಂದೆ ಸೊಂಟವೋ ಬೆನ್ನುಮೂಳೆಯೋ ಮುರಿದಿದ್ದವರಿಗೆ ಸ್ಕ್ಯಾನಿಗೆ ಕಾಯದೆಯೂ ಚಿಕಿತ್ಸೆ ಆರಂಭಿಸುವುದುಂಟು.

ನಮ್ಮ ಸೀಮೆಯಲ್ಲಿ ಮುದ್ದೆ ಉಣ್ಣುವವರಿಗೆ ಮೂಳೆ ಮುರಿಯುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ, ಅಕ್ಕಿ ಗೋಧಿಗಳು ಅದರ ಹತ್ತಿರವೂ ಬರುವುದಿಲ್ಲ. ಆದರೆ ಅಷ್ಟೂ ರಕ್ತಕ್ಕೆ ಸೇರುವುದಿಲ್ಲ, ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1,200 ಮಿಲಿಗ್ರಾಂ ಬೇಕು, ಹಲ್ಲು ಬಿದ್ದು ಹಸಿವು ಕುಗ್ಗಿದವರು ಅರ್ಧ ಮುದ್ದೆಯನ್ನೂ ಮುಗಿಸುವುದಿಲ್ಲ. ರಾಗಿಯ ಜೊತೆ ಹಾಲು, ಮಜ್ಜಿಗೆ, ಸೊಪ್ಪು ಇರಲಿ, ವಿಟಮಿನ್ ಡಿ ಕೊರತೆಯಿದ್ದರೆ ವೈದ್ಯರು ಹೇಳಿದಷ್ಟು ತೆಗೆದುಕೊಳ್ಳಲಿ. ಮೂಳೆ ಸವೆದವರಿಗೆ ಇಷ್ಟೇ ಸಾಲದು. ವಾರಕ್ಕೊಮ್ಮೆಯ 70 ಮಿಲಿಗ್ರಾಂ ಅಲೆಂಡ್ರೊನೇಟ್ ಮಾತ್ರೆಯೋ ವರ್ಷಕ್ಕೊಮ್ಮೆಯ ಜೋಲೆಡ್ರೊನಿಕ್ ಆಮ್ಲದ ಡ್ರಿಪ್ಪೋ ಬೇಕಾಗುತ್ತದೆ. ಅಲೆಂಡ್ರೊನೇಟನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ತುಂಬಿದ ಲೋಟ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗದೆ ನೇರವಾಗಿ ಕೂತಿರಬೇಕು, ಕಾಫಿಯೂ ಕುಡಿಯಬಾರದು. ಓಪಿಯಾಯ್ಡ್ ಮಂಪರಿನಲ್ಲಿರುವವರು ಮತ್ತೆ ಒರಗಿಬಿಡುವುದರಿಂದ ಅನ್ನನಾಳ ಸುಡುವ ಭಯವಿದೆ. ಅಂಥವರಿಗೆ ಡ್ರಿಪ್ ಒಳ್ಳೆಯದೇ ಎಂದು ವೈದ್ಯರ ಜೊತೆ ಮಾತನಾಡಿ.

ನಿಲ್ಲಿಸುವಾಗ

ಈ ಲೇಖನ ಓದಿ ನಾಳೆಯೇ ಮಾತ್ರೆ ಎಸೆಯುವವರಿದ್ದರೆ ಅವರಿಗೆ ಈ ಮಾತು. ನಾಲ್ಕೈದು ದಿನ ತೆಗೆದುಕೊಂಡವರು ನಿಲ್ಲಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ವಾರಗಟ್ಟಲೆ ತೆಗೆದುಕೊಂಡವರು ಥಟ್ಟನೆ ನಿಲ್ಲಿಸಿದರೆ ಬೆವರು, ಭೇದಿ, ನಡುಕ, ನಿದ್ದೆಗೇಡು, ಚಡಪಡಿಕೆ ಎಲ್ಲ ಒಟ್ಟಿಗೆ ಬರುತ್ತವೆ, ಆ ಸುಸ್ತಿನಲ್ಲೂ ಬೀಳುತ್ತಾರೆ. ಡೋಸನ್ನು ಸ್ವಲ್ಪಸ್ವಲ್ಪವಾಗಿ ಇಳಿಸುವ ವೇಳಾಪಟ್ಟಿಯನ್ನು ವೈದ್ಯರೇ ಹಾಕಿಕೊಡಬೇಕು. ಒಂದು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡವರಿಗೆ ತಿಂಗಳಿಗೆ ಶೇಕಡಾ 10ರಷ್ಟು ಇಳಿಸುವುದು ಸಹಿಸಲು ಸುಲಭ ಎನ್ನುತ್ತವೆ ಸಿಡಿಸಿಯ ಸೂಚನೆಗಳು. ಉಳಿದ ಮಾತ್ರೆಗಳನ್ನು ಡಬ್ಬಿಯಲ್ಲಿ ಕೂಡಿಡಬೇಡಿ, ಮುಂದಿನ ನೋವಿಗೆ ಅದನ್ನೇ ಬೇರೆ ಯಾರೋ ನುಂಗುತ್ತಾರೆ.

ಬಿದ್ದೇಬಿಟ್ಟರೆ

ಎತ್ತಿ ನಿಲ್ಲಿಸಲು ಆತುರಪಡಬೇಡಿ. ತೊಡೆಸಂದಿಯಲ್ಲಿ ನೋವು, ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿರುವುದು, ಭಾರ ಹಾಕಲಾಗದಿರುವುದು ಇವು ಸೊಂಟದ ಮುರಿತದ ಗುರುತು. ಕೆಲವು ಮುರಿತಗಳಲ್ಲಿ ಮೂಳೆ ಒಂದಕ್ಕೊಂದು ಸಿಕ್ಕಿಕೊಂಡು, ಹಿರಿಯರು ಕುಂಟುತ್ತ ನಡೆಯಲೂ ಬಲ್ಲರು. ಬಿದ್ದ ಮೇಲೆ ತೊಡೆಸಂದಿ ನೋಯುತ್ತಿದ್ದರೆ ನಡೆಯುತ್ತಿದ್ದಾರೆಂದು ಸುಮ್ಮನಿರಬೇಡಿ. ನಾಟಿ ಕಟ್ಟು ಕಟ್ಟುವವರಲ್ಲಿಗೆ ಒಯ್ದು ಎಳೆಸಿ, ನೀವಿಸಿ ಎರಡು ದಿನ ಕಳೆಯುವುದನ್ನು ಈಗಲೂ ಕಾಣುತ್ತೇನೆ. ಸೊಂಟದ ಮುರಿತಕ್ಕೆ ಸಾಧ್ಯವಾದಷ್ಟೂ 48 ಗಂಟೆಯೊಳಗೆ ಆಪರೇಷನ್ ಆಗಬೇಕು. ಆ ಎರಡು ದಿನವೇ ಬೆಲೆಬಾಳುವಂಥದ್ದು. 108ಕ್ಕೆ ಕರೆಮಾಡಿ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡೂ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟು ಬಿದ್ದಿದ್ದರೆ, ನೋಡಲು ಚೆನ್ನಾಗಿದ್ದರೂ ಹೊರಡಲೇಬೇಕು. ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ ಗೊರಗೊರ ಸದ್ದಾಗುತ್ತಿದ್ದು, ಪಾಪೆ ಸಾಸಿವೆಯಷ್ಟು ಕಿರಿದಾಗಿದ್ದರೆ ಅದು ಔಷಧ ಹೆಚ್ಚಾದ ಲಕ್ಷಣ, ಒಂದು ನಿಮಿಷವೂ ಕಾಯಬಾರದು.

ನೋವು ತಡೆಯಲಾಗದೆಂದು ಮನೆಯಲ್ಲಿರುವ ಅದೇ ಮಾತ್ರೆಯನ್ನು ಮತ್ತೊಂದು ಕೊಡಬೇಡಿ. ಆಸ್ಪತ್ರೆಯಲ್ಲಿ ತೊಡೆಸಂದಿಯ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಓಪಿಯಾಯ್ಡ್ ಕಡಿಮೆ ಬಳಸಿಯೇ ನೋವು ಇಳಿಸಬಲ್ಲರು. ಕ್ಯಾಷುವಾಲ್ಟಿಯಲ್ಲಿ ಮೊದಲು ನೋಡುವ ವೈದ್ಯರ ಕೈಗೆ ಆ ಸ್ಟ್ರಿಪ್ಪನ್ನೂ, ನೀವು ಬರೆದಿಟ್ಟ ಹಾಳೆಯನ್ನೂ ಕೊಟ್ಟು, ಕೊನೆಯ ಮಾತ್ರೆ ಎಷ್ಟು ಗಂಟೆಗೆ ನುಂಗಿದರು ಎಂಬುದನ್ನು ಹೇಳಿ.